ಸರ್ಕಾರಿ ಶಾಲೆಯಲ್ಲಿ ಧರ್ಮಗ್ರಂಥ ಹಂಚಬಹುದೇ?

ಪ್ರಶ್ನೆ: ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಭಗವದ್ಗೀತೆಯ ಪ್ರತಿಗಳನ್ನು ಉಚಿತವಾಗಿ ಹಂಚಲು ದಾನಿಯೊಬ್ಬರು ಮುಂದೆ ಬಂದಿದ್ದಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿ ನಾನು ಇದಕ್ಕೆ ಒಪ್ಪಬಹುದೇ?

ಉತ್ತರ 1: ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ಸಂವಿಧಾನದ 28(1)ನೇ ವಿಧಿ ನಿಷೇಧಿಸುತ್ತದೆ, ಆದರೆ ಎಲ್ಲ ಧರ್ಮಗಳ ಕುರಿತು ಅರಿವು ಮೂಡಿಸುವ ಶಿಕ್ಷಣ ಈ ನಿಷೇಧಕ್ಕೆ ಒಳಪಡುವುದಿಲ್ಲವೆಂದು 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಗೀತೆ ಶಾಲಾ ಗ್ರಂಥಾಲಯದ ಕಪಾಟಿನಲ್ಲಿರಲಿ, ಬೈಬಲ್, ಕುರಾನ್, ವಚನ ಸಂಪುಟಗಳ ಜೊತೆಗೆ.

ಉತ್ತರ 2: ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಮುಖ್ಯ ಶಿಕ್ಷಕರೇ ಕೈಗಿಟ್ಟ ಗ್ರಂಥವನ್ನು ಬೇಡವೆನ್ನುವ ಧೈರ್ಯ ಏಳನೇ ತರಗತಿಯ ಮಗುವಿಗೆ ಎಲ್ಲಿಂದ ಬರಬೇಕು? ನಾನು ನಿತ್ಯವೂ ಗೀತೆ ಓದುವವನು. ಆದರೂ ಇಂತಹ ಹಂಚಿಕೆಯನ್ನು ಒಪ್ಪಲಾರೆ.

ಪ್ರಶ್ನೆ ಕೇಳಿದವರು: ಗ್ರಂಥಾಲಯದ ವಿಚಾರವನ್ನು ದಾನಿಗಳ ಮುಂದಿಡುತ್ತೇನೆ.