ಬೆಣ್ಣೆ ಚಹಾದ ದೋಂಗ್ಮೊಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬೈಲಕುಪ್ಪೆಯ ಟಿಬೆಟನ್ನರ ಅಡುಗೆಮನೆಯ ಮರದ ಸಾಮಾನುಗಳ ಬಗ್ಗೆ ಕನ್ನಡದಲ್ಲಿ ವಿವರದ ಚೀಟಿಗಳನ್ನು ಬರೆಯುತ್ತಿದ್ದೇನೆ. ಶಾಲೆಯ ಮಕ್ಕಳು ನಿಂತು ಓದುವಂಥವು. ಕೆಲವು ಪದಗಳ ಹತ್ತಿರ ಕೆಲಸ ನಿಂತಿದೆ. ನಿಮ್ಮ ಸಹಾಯ ಬೇಕು.

ಮೊದಲನೆಯದು ದೋಂಗ್ಮೊ. ಬೆಣ್ಣೆ ಚಹಾ ಮಾಡಲು ಬಳಸುವ ಮರದ ಪಾತ್ರೆ ಇದು. ಕೊಳವೆಯ ಹಾಗೆ ಉದ್ದಕ್ಕೆ, ಸಪೂರಕ್ಕೆ ಇರುತ್ತದೆ. ಸುತ್ತ ಹಿತ್ತಾಳೆಯ ಪಟ್ಟಿ ಬಿಗಿದಿರುತ್ತಾರೆ. ಒಳಗೊಂದು ಕೋಲು, ಕೋಲಿನ ತುದಿಗೆ ಮರದ ಬಿಲ್ಲೆ. ಇಟ್ಟಿಗೆಯ ಆಕಾರಕ್ಕೆ ಒತ್ತಿದ ಚಹಾವನ್ನು ಚೆನ್ನಾಗಿ ಕುದಿಸಿ, ಸೋಸಿ, ಉಪ್ಪು ಮತ್ತು ಬೆಣ್ಣೆ ಸೇರಿಸಿ ಇದರೊಳಗೆ ಸುರಿಯುತ್ತಾರೆ. ಆಮೇಲೆ ಕೋಲನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಟಿಬೆಟ್‌ನಲ್ಲಾದರೆ ದ್ರಿಯ ಬೆಣ್ಣೆ. ಯಾಕ್ ಅಂದರೆ ಗಂಡು, ಹೆಣ್ಣಿಗೆ ದ್ರಿ ಅನ್ನುತ್ತಾರೆ. ಈಗ ಎಷ್ಟೋ ಮನೆಗಳಲ್ಲಿ ಈ ಕೆಲಸ ಮಿಕ್ಸಿಯ ಪಾಲಾಗಿದೆ. ಹಾಗಾಗಿಯೇ ಕನ್ನಡದಲ್ಲಿ ಇದರ ವಿವರ ಸರಿಯಾಗಿ ಉಳಿಯಲಿ ಅನ್ನುವ ಆಸೆ ನನಗೆ ಜಾಸ್ತಿ.

ಇದಕ್ಕೆ 'ಚಹಾ ಕಡಗೋಲು' ಅಂತ ಬರೆದರೆ ಸಾಕು ಎಂದು ಸ್ನೇಹಿತರೊಬ್ಬರು ಹೇಳಿದರು. ಕೇಳಲು ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಾಗುತ್ತಿಲ್ಲ. ಕಡಗೋಲು ಅನ್ನುವುದು ಕೋಲಿಗೆ ಮಾತ್ರ ಇರುವ ಹೆಸರು, ಪಾತ್ರೆಗಲ್ಲ. ಉಡುಪಿ ಕೃಷ್ಣನ ಒಂದು ಕೈಯಲ್ಲಿ ಕಡಗೋಲು, ಇನ್ನೊಂದರಲ್ಲಿ ಹಗ್ಗ. ಅಂದರೆ ಅದು ಹಗ್ಗ ಸುತ್ತಿ ಗಿರ್ರನೆ ತಿರುಗಿಸುವ ಕೋಲು. ದೋಂಗ್ಮೊದ ಕೋಲು ತಿರುಗುವುದೇ ಇಲ್ಲ, ಏರಿ ಇಳಿಯುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಅರ್ಥದ್ದು. ನಮ್ಮಲ್ಲಿ ಕಡೆಯುವುದು ಅಂದರೆ ಮೊಸರಿನಿಂದ ಬೆಣ್ಣೆ ಬೇರೆ ಮಾಡುವುದು. ಬೆಣ್ಣೆ ತೇಲಿ ಬಂದರೆ ಕಡೆದದ್ದು ಮುಗಿಯಿತು ಅಂತ. ದೋಂಗ್ಮೊದಲ್ಲಿ ನಡೆಯುವುದು ಇದಕ್ಕೆ ಪೂರಾ ಉಲ್ಟಾ. ಬೆಣ್ಣೆ ಎಲ್ಲೂ ತೇಲದೆ ಚಹಾದಲ್ಲಿ ಕೂಡಿಕೊಳ್ಳಬೇಕು. 'ಚಹಾ ಕಡೆಯುವುದು' ಅಂತ ಬರೆದರೆ ಚಹಾದಿಂದ ಬೆಣ್ಣೆ ತೆಗೆಯುತ್ತಾರೆ ಅಂತ ಮಗು ತಿಳಿದುಕೊಂಡರೆ ತಪ್ಪು ಅದರದ್ದಲ್ಲ, ಅಲ್ವಾ? ಇನ್ನು 'ಬೆರೆಸು' ಅಂದರೆ ಸಪ್ಪೆ. ಚಮಚದಲ್ಲಿ ತಿರುವಿದರೂ ಬೆರೆಸಿದಂತೆಯೇ. 'ಕುಟ್ಟು' ಅಂದರೆ ಒನಕೆ ಕಣ್ಣಿಗೆ ಬರುತ್ತದೆ. 'ಜಡಿ' ಅನ್ನೋಣ ಅಂದರೆ ಮೊಳೆಗೆ, ಬೀಗಕ್ಕೆ ಸರಿ, ಚಹಾಕ್ಕೆ ಒರಟು. ದ್ರವದೊಳಗೆ ಕೋಲನ್ನು ಏರಿಳಿಸಿ ಕಲಕುವುದಕ್ಕೆ ಒಂದೇ ಕ್ರಿಯಾಪದ ನಿಮ್ಮ ಕಡೆ ಇದೆಯೇ? ನನ್ನ ಮುಖ್ಯ ಪ್ರಶ್ನೆ ಇದು.

ಪಾತ್ರೆಗಾದರೆ ನನಗೆ 'ಅಂಡೆ' ಇಷ್ಟವಾಗಿದೆ. ಬಿದಿರಿನ ಗೆಣ್ಣು ಕೊಯ್ದು ಮಾಡಿದ, ಹಾಲು ಎಣ್ಣೆ ತುಂಬುತ್ತಿದ್ದ ಅಂಡೆ. ಆಕಾರ ಚೆನ್ನಾಗಿ ಹೊಂದುತ್ತದೆ. 'ಚಹಾದ ಅಂಡೆ' ಅಂದರೆ ಉದ್ದನೆಯ ಮರದ ಪಾತ್ರೆ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಕರಾವಳಿಯವರಿಗೆ ಅಂಡೆ ಅಂದರೆ ಬಚ್ಚಲಲ್ಲಿ ನೀರು ಕಾಯಿಸುವ ಪಾತ್ರೆ ನೆನಪಾಗಬಹುದು. ಅದು ಎಷ್ಟರ ಮಟ್ಟಿಗೆ ಅಡ್ಡಿ, ಅಲ್ಲಿಯವರೇ ಹೇಳಬೇಕು. ಏನೇ ಆದರೂ ದೋಂಗ್ಮೊ ಅನ್ನುವ ಹೆಸರನ್ನು ಬಿಡುವುದಿಲ್ಲ. ಮೋಮೊವನ್ನು ಹಾಗೇ ಒಪ್ಪಿಕೊಂಡಿದ್ದೇವೆ, ಇದನ್ನೂ ಒಪ್ಪಿಕೊಳ್ಳಬಹುದು. ಪಕ್ಕದಲ್ಲಿ ಒಂದು ಕನ್ನಡ ವಿವರಣೆ ಬೇಕು ಅಷ್ಟೆ.

ಎರಡನೆಯದು ಫೊರ್ಪಾ. ಚಹಾ ಕುಡಿಯಲು, ಹುರಿದ ಬಾರ್ಲಿ ಹಿಟ್ಟು ಅಂದರೆ ತ್ಸಾಂಪಾ ಕಲಸಿಕೊಂಡು ತಿನ್ನಲು ಇಟ್ಟುಕೊಳ್ಳುವ ಮರದ ಬಟ್ಟಲು. ಹಿಂದೆ ಒಬ್ಬೊಬ್ಬರಿಗೂ ಅವರದೇ ಬಟ್ಟಲು ಇರುತ್ತಿತ್ತು. ನಿಲುವಂಗಿಯ ಮಡಿಕೆಯಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು. ಮರದ್ದು ಅಂದ ಕೂಡಲೇ 'ಮರಿಗೆ' ನೆನಪಾಗುತ್ತದೆ. ಆದರೆ ಮರಿಗೆ ಅಗಲದ್ದು, ಮನೆಮಂದಿಗೆಲ್ಲ ಸೇರಿದ್ದು. ಒಬ್ಬರ ಕೈಯೊಳಗೆ ಕೂರುವ ಫೊರ್ಪಾಕ್ಕೆ 'ಬಟ್ಟಲು' ಸಾಕು ಅನ್ನಿಸುತ್ತದೆ.

ಬಟ್ಟಲಿನ ವಿವರದಲ್ಲಿ ಎಲ್ಲರೂ 'ಕೆತ್ತಿದ' ಅಂತ ಬರೆಯುತ್ತಾರೆ. ಒಳ್ಳೆಯ ಫೊರ್ಪಾಗಳನ್ನು ಮರದ ಗಂಟಿನಿಂದ ಮಾಡುತ್ತಾರೆ. ಗಂಟಿನಲ್ಲಿ ಎಳೆಗಳು ಸುತ್ತಿಕೊಂಡಿರುವುದರಿಂದ ಬಟ್ಟಲು ಬೇಗ ಸೀಳುವುದಿಲ್ಲ, ಮೈಮೇಲೆ ಗೆರೆಗಳೂ ಚೆಂದ ಕಾಣುತ್ತವೆ. ಆ ಗಂಟನ್ನು ತಿರುಗಿಸುತ್ತಾ ಉಳಿ ಹಿಡಿದು ರೂಪ ಕೊಡುತ್ತಾರೆ. ಇದು ಕೆತ್ತನೆಯಲ್ಲ. ಇದಕ್ಕೆ ನಮ್ಮಲ್ಲಿ 'ಕಡೆ' ಅಂತಲೇ ಪದ ಇದೆ. ಮೊಸರು ಕಡೆಯುವುದೂ ಅದೇ, ಮರ ಕಡೆಯುವುದೂ ಅದೇ. ಹಾಗಾಗಿ 'ಕಡೆದ ಬಟ್ಟಲು' ಎಂದು ಬರೆದಿದ್ದೇನೆ. ಈಗಿನ ಓದುಗರಿಗೆ ಇದು ತಿಳಿಯುತ್ತಾ? ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಬಾಯಲ್ಲಿ ಈಗಲೂ ಈ ಪದ ಇದೆಯೇ? ಅಲ್ಲಿನ ಸಂಪರ್ಕ ಇರುವವರು ದಯವಿಟ್ಟು ತಿಳಿಸಿ.

ಕೊನೆಯದು, 'ನಿರಾಶ್ರಿತ ಕುಶಲಕರ್ಮಿಗಳು ಮಾಡಿದ್ದು' ಅನ್ನುವ ಸಾಲು. ಬೈಲಕುಪ್ಪೆಯ ನೆಲೆ ಶುರುವಾದದ್ದು 1960ರ ಹೊತ್ತಿಗೆ, ಮುಂಡಗೋಡಿನದು 1966ರಲ್ಲಿ. ಇಲ್ಲೇ ಹುಟ್ಟಿ, ಇಲ್ಲೇ ಕೆಲಸ ಕಲಿತವರೂ ಬಹಳ ಜನ ಇದ್ದಾರೆ. ಪೇಪರಿನಲ್ಲಿ ನೆರೆ ಬಂದು ಮನೆ ಕಳೆದುಕೊಂಡವರೂ ನಿರಾಶ್ರಿತರೇ. ಟಿಬೆಟನ್ನರ ಸ್ಥಿತಿ ಬೇರೆ. ಅವರು ದೇಶ ಬಿಟ್ಟು ಬಂದವರು, ಆ ಸಂಗತಿಯನ್ನು ಮರೆಮಾಚಬಾರದು. ಆದರೆ ಅದನ್ನು ಪೀಠಿಕೆಯಲ್ಲಿ ಒಂದು ಸಲ ವಿವರವಾಗಿ ಹೇಳಿ, ಚೀಟಿಯಲ್ಲಿ 'ಬೈಲಕುಪ್ಪೆಯ ಟಿಬೆಟನ್ ಬಡಗಿಗಳು' ಎಂದರೆ ಮರ್ಯಾದೆಯೂ ಹೌದು, ನಿಖರವೂ ಹೌದು ಅನ್ನುವುದು ನನ್ನ ಅಭಿಪ್ರಾಯ. ಜೊತೆಗೆ, ಪ್ರತಿ ಬಟ್ಟಲಿಗೂ ಆ ಸಾಲು ಅಂಟಿಸುವ ಹಾಗಿಲ್ಲ. ಮರದ ಬಟ್ಟಲಿಗೆ ಅರುಣಾಚಲದ ತವಾಂಗ್ ಕಡೆಯ ಮೊನ್ಪಾ ಜನ ಹೆಸರುವಾಸಿ. ಅವರು ತಮ್ಮ ನೆಲದಲ್ಲೇ ಇರುವವರು, ನಿರಾಶ್ರಿತರಲ್ಲ. ಅವರ ಕೈಕೆಲಸಕ್ಕೆ ಅವರ ಹೆಸರೇ ಬರಬೇಕು.

ಉತ್ತರ ಬರೆಯುವಾಗ ಪದದ ಜೊತೆ ನಿಮ್ಮ ಊರಿನ ಹೆಸರನ್ನೂ ಹಾಕಿ. ಪದ ಯಾವ ಕಡೆಯದು ಎಂದು ತಿಳಿದರೆ ಆರಿಸಲು ಸುಲಭ.

ವಂದನೆಗಳು.