"ಹಸಿ ಕಸ"ದಲ್ಲಿ ಹಸಿ ಅಂದ್ರೆ ಏನು? ನೆಂದಿರೋ ಒಣ ಕಸಕ್ಕೆ ಏನನ್ನೋಣ?

ಎಲ್ರಿಗೂ ನಮಸ್ಕಾರ. ಕೊಡಗಿನ ಗೋಣಿಕೊಪ್ಪದ ಹತ್ರ ಒಂದು ಪಂಚಾಯ್ತಿಯವ್ರು ಕಸದ ಬಗ್ಗೆ ಕರಪತ್ರ ಬರ್ಕೊಡಿ ಅಂದ್ರು, ನಾಲ್ಕು ಪುಟ ತಾನೇ ಅಂತ ಒಪ್ಕೊಂಡೆ, ಹದಿನೈದು ದಿನ ಆಯ್ತು ಇನ್ನೂ ಮೊದಲ್ನೇ ಪದದಲ್ಲೇ ಸಿಕ್ಕಾಕೊಂಡಿದೀನಿ.

ಜುಲೈನಲ್ಲಿ ನಡೆದಿದ್ದು ಹೇಳ್ತೀನಿ. ಪಕ್ಕದ್ಮನೆ ಅಜ್ಜಿ ಗೇಟಿನ ಹತ್ರ ಇಟ್ಟಿದ್ದ ರಟ್ಟಿನ ಡಬ್ಬ ರಾತ್ರಿಯೆಲ್ಲಾ ಮಳೇಲಿ ನೆಂದು ಮುದ್ದೆ ಆಗಿತ್ತು, ಎತ್ತಿದ್ರೆ ತಳ ಕಳಚಿ ಬೀಳ್ತಿತ್ತು, ಅಜ್ಜಿ ಅದನ್ನ ಹಸಿ ಕಸದ ಹಸಿರು ಬಕೆಟ್ಟಿಗೆ ತುರುಕಿದ್ರು. ಕಸದ ಗಾಡಿ ಹುಡ್ಗಿ "ಅಜ್ಜಿ, ಇದು ಒಣ ಕಸ, ನೀಲಿಗೆ ಹಾಕಿ" ಅಂದ್ಲು. ಅಜ್ಜಿ ರಟ್ಟನ್ನ ಅವಳ ಮುಂದೇನೇ ಹಿಂಡಿ ನೀರು ಸುರಿಸಿ, "ಇದು ಒಣ, ಮತ್ತೆ ಬಿಸ್ಲಲ್ಲಿ ಗುಡಿಸಿಟ್ಟ ತರಗೆಲೆ ಹಸೀನಾ? ಬೆಂದ ಅನ್ನಾನೂ ಹಸೀನಾ? ಯಾವೂರ ಕನ್ನಡ ಮಗಾ ನಿಂದು?" ಅಂದ್ರು. ನಾನು ನಗ್ತಾ ಒಳಗೆ ಬಂದೆ, ಆಮೇಲೆ ಯೋಚ್ನೆ ಮಾಡಿದ್ರೆ ಅಜ್ಜಿ ಕೇಳಿದ್ರಲ್ಲಿ ತಪ್ಪೇ ಇಲ್ಲ.

ನನಗನ್ಸೋದು ಹಿಂಗೆ. ಬಟ್ಟೆ ಒದ್ದೆ ಆಗುತ್ತೆ, ಸೌದೆ ಹಸಿಯಾಗಿರುತ್ತೆ. ಒದ್ದೆ ಅನ್ನೋದು ಹೊರಗಿಂದ ನೀರು ಬಿದ್ದು ಆಗಿದ್ದು, ಹಸಿ ಅನ್ನೋದು ವಸ್ತುವಿನ ಒಳಗೇ ಇರೋದು, ಹಸಿ ಮೆಣಸಿನಕಾಯಿ, ಹಸಿ ಗಾಯ, ಹಸಿ ಗೋಡೆ ಎಲ್ಲಾ ನೋಡಿ. ಆ ಲೆಕ್ಕದಲ್ಲಿ ಇಂಗ್ಲಿಷಿನ ವೆಟ್ ವೇಸ್ಟ್‌ಗಿಂತ ನಮ್ಮ ಹಸಿ ಕಸಾನೇ ವಾಸಿ. ಆದ್ರೆ ಹಸಿ ಅಂದ್ರೆ ಬೇಯದ್ದು ಅಂತಾನೂ ಇದೆಯಲ್ಲ, ಅಲ್ಲಿ ಅನ್ನ ಸಾರು ಕೈ ಕೊಡುತ್ತೆ.

2016ರ ಘನ ತ್ಯಾಜ್ಯ ನಿಯಮ (2026ರ ಏಪ್ರಿಲ್‌ನಲ್ಲಿ ಹೊಸದು ಬರೋ ತನಕ ಇದ್ದದ್ದು) ತೆಗೆದು ನೋಡ್ದೆ. ಅಲ್ಲಿ ಕಸ ಬೇರ್ಪಡಿಸೋ ಮಾತು ಬರೋ ಕಡೆ ಹಸಿ ಅಂತ ಇರ್ಲಿಲ್ಲ, ಬಯೋಡಿಗ್ರೇಡಬಲ್ ಅಂತಿತ್ತು, ಅಂದ್ರೆ ಸೂಕ್ಷ್ಮಜೀವಿ ತಿಂದು ಕರಗಿಸೋಂಥದ್ದು. ಒಣ ಕಸಕ್ಕೆ ಮಾತ್ರ ಒಂದು ವ್ಯಾಖ್ಯೆ ಇತ್ತು, ಅದರೊಳಗೆ ಮಗುವಿನ ಡೈಪರ್ರೂ ಸೇರ್ತಿತ್ತು! ಉಚ್ಚೆ ತುಂಬಿದ ಡೈಪರ್ ಒಣ ಕಸ ಅಂತ ಅಜ್ಜಿಗೆ ಹೇಳೋ ಧೈರ್ಯ ನನಗಿಲ್ಲ.

ಅಸಲಿಗೆ ಒಂದೇ ಪದದ ಮೇಲೆ ನಾವು ಎರಡು ವಿಷಯ ಹೇರಿದೀವಿ, ಕಸದಲ್ಲಿ ಏನೇನಿದೆ ಅನ್ನೋದೊಂದು, ಅದರಲ್ಲಿ ನೀರೆಷ್ಟಿದೆ ಅನ್ನೋದು ಇನ್ನೊಂದು. ಎರಡನೇದಕ್ಕೆ ಪುಸ್ತಕದಲ್ಲಿ ತೇವಾಂಶ ಅಂತಾರೆ, ಆದ್ರೆ ಕೊಡಗಲ್ಲಿ ಕಾಫಿ ಮಾರೋ ಯಾರನ್ನ ಕೇಳಿದ್ರೂ ಮಾಯಿಶ್ಚರ್ ಅಂತಾನೇ ಅನ್ನೋದು, ಓಟಿ (ಔಟ್‌ಟರ್ನ್, ಮೂಟೆಗೆ ಎಷ್ಟು ಬೀಜ ಸಿಗುತ್ತೆ ಅನ್ನೋದು) ಎಷ್ಟು ಮಾಯಿಶ್ಚರ್ ಎಷ್ಟು ಅಂತ ಕೇಳದೆ ಮೂಟೆ ಗಾಡಿ ಹತ್ತಲ್ಲ. ಕಾಫೀಲಿ ಹತ್ತು ಹನ್ನೊಂದು ಪರ್ಸೆಂಟ್ ದಾಟಿದ್ರೆ ತಕರಾರು, ಊರಿನ ಕಸದಲ್ಲಿ ಅರ್ಧಕ್ಕರ್ಧ ನೀರಿದ್ರೂ ಅದು ಮಾಮೂಲಿ. ಅಳೆಯೋ ರೀತಿ ಸುಲಭ, ಒಂದು ಕಿಲೋ ಕಸಾನ 105 ಡಿಗ್ರೀಲಿ ತೂಕ ಇಳಿಯೋದು ನಿಲ್ಲೋ ತನಕ ಒಣಗಿಸಿ, 450 ಗ್ರಾಂ ಉಳಿದ್ರೆ ಹೋಗಿದ್ದು 550 ಗ್ರಾಂ ನೀರು. ಇಲ್ಲೂ ಪದದ ಗಲಾಟೆ ಇದೆ ನೋಡಿ: ಹಸಿ ತೂಕದ ಮೇಲೆ ಹೇಳಿದ್ರೆ 55 ಪರ್ಸೆಂಟ್, ಒಣ ತೂಕದ ಮೇಲೆ ಹೇಳಿದ್ರೆ ಅದೇ ನೀರು 122 ಪರ್ಸೆಂಟ್. ಬರೀ "ತೇವಾಂಶ" ಅಂತ ಬರೆದು ಬಿಟ್ರೆ ಯಾವುದು ಅಂತ ಓದೋರು ಊಹಿಸ್ಬೇಕು.

ನೀರಿನ ಮಾತು ಯಾಕೆ ಮುಖ್ಯ ಅಂದ್ರೆ, ಮರುಬಳಕೆಗೆ ಬರದ ಕಸದಲ್ಲಿ ಕಿಲೋಗೆ 1500 ಕಿಲೋ ಕ್ಯಾಲೋರಿ ಅಥವಾ ಅದಕ್ಕಿಂತ ಜಾಸ್ತಿ ಶಾಖ ಇದ್ರೆ ಅದನ್ನ ಗುಂಡಿಗೆ ತುಂಬಬಾರದು, ಉರಿಸಿ ಶಕ್ತಿ ಮಾಡ್ಬೇಕು ಅಂತ ಅದೇ 2016ರ ನಿಯಮ ಹೇಳ್ತಿತ್ತು. ಮಳೇಲಿ ನೆಂದ ಕಸ ಉರಿಸೋದು ಅಂದ್ರೆ ಹಸಿ ಸೌದೆ ಒಲೆಗಿಟ್ಟ ಹಾಗೆ, ಶಾಖದಲ್ಲಿ ಒಂದು ಪಾಲು ನೀರು ಆವಿ ಮಾಡೋಕೇ ಹೋಗುತ್ತೆ, ಹೊಗೆ ಕಣ್ಣಿಗೆ.

"ಕೊಳೆಯೋ ಕಸ, ಕೊಳೆಯದ ಕಸ" ಅಂತ ಹಾಕ್ಲಾ ಅಂತ ಅಜ್ಜಿ ಹತ್ರಾನೇ ಕೇಳ್ದೆ. "ಕೊಳೆ ಅಂದ್ರೆ ಗಲೀಜು ತಾನೇ, ಕಸ ಅಂದ್ಮೇಲೆ ಎಲ್ಲಾ ಕೊಳೆನೇ" ಅಂದ್ರು. "ಗೊಬ್ಬರ ಆಗೋದು" ಅಂದ್ರೆ ಒಪ್ಕೋತಾರೆ, ತೋಟದವ್ರಿಗೆ ಬೇಗ ತಲೆಗೆ ಹೋಗುತ್ತೆ, ಆದ್ರೆ ಆಗ ಆ ರಟ್ಟಿನ ಡಬ್ಬಾನೂ ಗೊಬ್ಬರ ಆಗೋದೇ ಅಲ್ವಾ, ನೀಲಿ ಬಕೆಟ್ ಯಾಕೆ ಅಂತ ಮತ್ತೆ ಶುರು ಮಾಡ್ತಾರೆ. ಅಪಾಯದ ಕಸದ ಸಾಲಲ್ಲಿ "ಮದ್ದಿನ ಬಾಟ್ಲಿ" ಅಂತ ಬರೆದಿದೀನಿ, ಅವಧಿ ಮುಗಿದ ಸಿರಪ್ಪೂ ಆಯ್ತು ತೋಟಕ್ಕೆ ಹೊಡೆಯೋ ಕೀಟನಾಶಕಾನೂ ಆಯ್ತು, ಎರಡೂ ಅಲ್ಲಿಗೇ ಹೋಗ್ಬೇಕು ಅದಕ್ಕೆ ತೊಂದ್ರೆ ಇಲ್ಲ. ಕಕ್ಕಡ (ಆಟಿ) ತಿಂಗಳಲ್ಲಿ ಕೊಡಗಲ್ಲಿ ಅಡುಗೆಗೆ ಹಾಕೋ ಮದ್ದುಸೊಪ್ಪಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಯಾರಾದ್ರೂ ಕಾಲೆಳೆಯೋ ಮುಂಚೆ ನಾನೇ ಹೇಳ್ಬಿಡ್ತೀನಿ.

ಈಗ ನನ್ನ ಪ್ರಶ್ನೆ. ನೆಂದ ರಟ್ಟಿಗೆ "ಒದ್ದೆಯಾದ ಒಣ ಕಸ" ಅಂತ ಬರೆದ್ರೆ ನಗೆಪಾಟಲಾಗುತ್ತಾ, ನಡೆಯುತ್ತಾ? ನಿಮ್ಮನೆ ಕೊಡವ ತಕ್ಕ್‌ನಲ್ಲಿ, ಅರೆಭಾಷೇಲಿ ಹಸಿ ಸೌದೆಗೂ ಒದ್ದೆ ಬಟ್ಟೆಗೂ ಬೇರೆ ಬೇರೆ ಪದ ಇದೆಯಾ? ಕರಪತ್ರ ಸೋಮವಾರ ಪ್ರಿಂಟಿಗೆ ಹೋಗ್ಬೇಕು, ಅಷ್ಟರೊಳಗೆ ಹೇಳಿ.