ಸಹಾಯ ಬೇಕು: ‘ಬಂದಳು’ ಅನ್ನಬೇಕೋ, ‘ಬಂದರು’ ಅನ್ನಬೇಕೋ?

ಆನ್ ಲೆಕಿ ಅವರ ‘ಆನ್ಸಿಲರಿ ಜಸ್ಟಿಸ್’ (2013) ಕಾದಂಬರಿಯ ಮೊದಲ ಅಧ್ಯಾಯವನ್ನು ಓದುಗರ ಕೂಟಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇವೆ. 2014ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೊ, ನೆಬ್ಯುಲಾ ಪ್ರಶಸ್ತಿಗಳೆರಡನ್ನೂ ಗೆದ್ದ ಪುಸ್ತಕವಿದು. ಇದರಲ್ಲಿ ಬರುವ ರಾಡ್ಚ್ ಎಂಬ ಸಾಮ್ರಾಜ್ಯದ ಜನರ ಭಾಷೆಯಲ್ಲಿ ಲಿಂಗಭೇದವೇ ಇಲ್ಲ. ಹಾಗಾಗಿ ಕಥೆ ಹೇಳುವ ಬ್ರೆಕ್‌ಗೆ ಎಲ್ಲರೂ ‘ಅವಳು’ (ಮೂಲದ ಇಂಗ್ಲಿಷಿನಲ್ಲಿ ‘she’). ಹಿಮದಲ್ಲಿ ಬೆತ್ತಲೆ ಬಿದ್ದಿರುವ ಸೈವಾರ್ಡನ್ ಗಂಡು ಅಂತ ಗೊತ್ತಿದ್ದರೂ ‘ಅವಳು’.

ಇಂಗ್ಲಿಷಿನಲ್ಲಿ ಲಿಂಗ ಸರ್ವನಾಮದಲ್ಲಷ್ಟೇ ಕಾಣುತ್ತದೆ. ನಮ್ಮಲ್ಲಿ ‘ಬಿದ್ದಿದ್ದಳು, ನರಳಿದಳು’ ಅಂತ ಪ್ರತಿ ಕ್ರಿಯಾಪದದ ತುದಿಯಲ್ಲೂ ಬರುತ್ತದೆ. ನಾಲ್ಕೇ ಸಾಲಿಗೆ ಓದುಗರು ಹೆಣ್ಣೆಂದೇ ನಂಬಿಬಿಡುತ್ತಾರೆ, ಮೂಲದ ಗೊಂದಲ ಸತ್ತುಹೋಗುತ್ತದೆ. ‘ಅವರು’ ಹಾಕಿದರೆ ಲಿಂಗ ಮರೆಯಾಗುತ್ತದೆ ನಿಜ, ಆದರೆ ಅಧಿಕಾರಿಗೂ ಕೆಳಗಿನ ಸೈನಿಕರಿಗೂ ಒಂದೇ ಗೌರವ ಸಿಕ್ಕಿಬಿಡುತ್ತದೆ. ಮೇಲುಕೀಳೇ ಈ ಕಥೆಯ ಜೀವ. ಇನ್ನೂ ದೊಡ್ಡ ತೊಡಕೆಂದರೆ, ಬ್ರೆಕ್ ಹಿಂದೆ ಹಲವು ದೇಹಗಳಿದ್ದ ಒಂದು ಹಡಗಿನ ಪ್ರಜ್ಞೆ. ಅಲ್ಲಿ ಏಕವಚನ, ಬಹುವಚನ ಕಲಸಿಹೋಗಬಾರದು. ‘ನಾನು ಬಂದೆ’ಗೆ ಲಿಂಗವಿಲ್ಲದ್ದೇ ಸಮಾಧಾನ.

ಸದ್ಯಕ್ಕೆ ನನ್ನ ಒಲವು ‘ಅವಳು’ ಕಡೆಗೇ. ಕ್ರಿಯಾಪದವನ್ನು ‘ಬಿದ್ದಿದ್ದ ದೇಹ’, ‘ನರಳುವ ಸದ್ದು’ ಎಂದು ತಿರುಗಿಸಿ ‘-ಅಳು’ ಕಡಿಮೆ ಮಾಡುವುದು. ಅನುವಾದ ಮಾಡಿದವರು ಇದನ್ನು ಹೇಗೆ ನಿಭಾಯಿಸಿದ್ದೀರಿ? ಒಂದೆರಡು ವಾಕ್ಯ ಬರೆದು ತೋರಿಸಿದರೆ ತುಂಬಾ ಉಪಕಾರ.